ಕಪ್ಪು ಮಾರಿಸ್ ಮೈನರ್ ಫೋಟೋ: ಬಾಗಿಲಲ್ಲಿ ತೆಂಗಿನಮರ ಕಾಣದ ಹಾಗೆ ತೆಗೆಯುವುದು ಹೇಗೆ?

ಕಟಪಾಡಿಯವಳು

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಹತ್ತಿರ 1955ರ ಮಾರಿಸ್ ಮೈನರ್ ಕಾರು ಉಂಟು. ಕಪ್ಪು ಬಣ್ಣ, ನಾಲ್ಕು ಬಾಗಿಲು, ಮುಂದಿನ ಗ್ಲಾಸ್ ಎರಡು ತುಂಡಿನದು. ಅಜ್ಜ ಮೈಸೂರಿನಲ್ಲಿ ಕೆಲಸದಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಹಾಗಾಗಿ ನಂಬರ್ ಪ್ಲೇಟ್ ಈಗಲೂ ಎಂವೈ ಅಂತಲೇ ಶುರುವಾಗುತ್ತದೆ. ದೊಡ್ಡಪ್ಪ ಅದನ್ನು ಇವತ್ತಿಗೂ ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದಾರೆ.

ಅವರಿಗೆ ಚಾವಡಿಯಲ್ಲಿ ಫ್ರೇಮ್ ಹಾಕಿ ಇಡಲು ಒಂದು ದೊಡ್ಡ ಫೋಟೋ ಬೇಕಂತೆ. ಜೊತೆಗೆ ಮನೆಯವರಿಗೆಲ್ಲ ಕೊಡಲು ಒಂದು ಸಣ್ಣ ಆಲ್ಬಮ್. ನಾನು ಅಂಗಳದಲ್ಲಿ ನಿಲ್ಲಿಸಿ ತೆಗೆದು ನೋಡಿದೆ. ಮುಂದಿನ ಹೆಡ್‌ಲೈಟ್ ಊದಿಕೊಂಡ ಹಾಗೆ, ಹಿಂಭಾಗ ಮಾತ್ರ ಸಣ್ಣದು. ಬಾಗಿಲಲ್ಲಿ ತೆಂಗಿನಮರ, ಬಟ್ಟೆ ಒಣಗಿಸಿದ ಹಗ್ಗ, ನಾನು, ಎಲ್ಲ ಸ್ಪಷ್ಟವಾಗಿ ಬಂದಿದೆ. ಬಂಪರಿನ ಕ್ರೋಮ್ ಬೆಳ್ಳಗೆ ಸುಟ್ಟುಹೋಗಿದೆ. ಕಪ್ಪು ಕಾರು ಬೂದಿ ಬಣ್ಣವಾಗಿ ಕಾಣುತ್ತದೆ.

ನನ್ನ ಹತ್ತಿರ ಫೋನ್ ಉಂಟು. ಅಣ್ಣನ ನಿಕಾನ್ ಕ್ಯಾಮೆರಾ ಉಂಟು, 18–55 ಮತ್ತು 50 ಎಂಎಂ ಲೆನ್ಸ್ ಸಮೇತ. ಟ್ರೈಪಾಡ್ ಸಿಗುತ್ತದೆ. ಈ ಫಿಲ್ಟರ್ ಅಂತಾರಲ್ಲ, ಅದು ತೆಗೆದುಕೊಂಡರೆ ಪ್ರತಿಬಿಂಬ ಪೂರ್ತಿ ಹೋಗುತ್ತದಾ? ಮಲ್ಪೆ ಬೀಚಿಗೆ ಕೊಂಡುಹೋಗಿ ಹಿಂದೆ ಸಮುದ್ರ ಬರುವ ಹಾಗೆ ತೆಗೆಯೋಣ ಅಂತ ಯೋಚನೆ. ದೊಡ್ಡಪ್ಪ ಕಾರು ಹೊರಗೆ ತೆಗೆಯುವುದು ಆದಿತ್ಯವಾರ ಮಾತ್ರ.

ಸ್ಟುಡಿಯೋ_ಉಡುಪಿ

ಮೇಡಂ, ಕಾರು ಚಂದ ಉಂಟು. ಅಂಥದ್ದು ಮನೆಯಲ್ಲೇ ಇರುವುದು ಭಾಗ್ಯ.

ಮೊದಲು ಒಂದು ಮಾತು. ಫೋಟೋದಲ್ಲಿ ಕಪ್ಪು ಕಾರಿಗೆ ತನ್ನದು ಅಂತ ಬಣ್ಣವೇ ಇರುವುದಿಲ್ಲ. ಸುತ್ತ ಏನುಂಟೋ ಅದೇ ಅದರ ಮೈಮೇಲೆ ಕಾಣುತ್ತದೆ. ಬಾನೆಟ್ಟು, ಟಾಪು ಆಕಾಶ ತೋರಿಸುತ್ತವೆ. ಬಾಗಿಲು ನೆಟ್ಟಗೆ ಇರುವುದರಿಂದ ನಿಮ್ಮ ಬೆನ್ನ ಹಿಂದೆ ಇರುವುದನ್ನು ತೋರಿಸುತ್ತದೆ. ಎಲ್ಲರೂ ಕಾರಿನ ಹಿಂದೆ ಏನುಂಟು ಅಂತ ನೋಡಿ ಜಾಗ ಹುಡುಕುತ್ತಾರೆ. ನೀವು ನಿಮ್ಮ ಬೆನ್ನ ಹಿಂದೆ ಏನುಂಟು ಅಂತ ನೋಡಿ ಜಾಗ ಹುಡುಕಿ. ಉಳಿದದ್ದೆಲ್ಲ ಇದರ ನಂತರ.

ನನ್ನದು ಮದುವೆ ಫೋಟೋ ಕೆಲಸ. ಮದುಮಗಳು ಬರಲು ಅಂಬಾಸಿಡರ್, ಹಳೆ ಫಿಯಟ್ ಮಾಡಿಸುವವರು ಈಗ ಜಾಸ್ತಿ ಆಗಿದ್ದಾರೆ. ಮದುವೆ ಹಾಲ್‌ನ ಎದುರು ಶಾಮಿಯಾನ, ಟ್ಯೂಬ್‌ಲೈಟು, ಸಾಲಾಗಿ ನಿಂತ ಕಾರುಗಳು. ಇಷ್ಟೂ ಆ ಬಾಗಿಲ ಮೇಲೆ ಬಂದು ಕೂರುತ್ತವೆ. ಅದಕ್ಕೇ ನಾನು ಯಾರನ್ನೂ ನಿಲ್ಲಿಸುವ ಮೊದಲು ಕಾರಿಗೆ ಬೆನ್ನು ಹಾಕಿ ನಿಂತು ಎದುರು ಏನುಂಟು ಅಂತ ನೋಡುತ್ತೇನೆ. ಖಾಲಿ ಗೋಡೆ ಇದ್ದರೆ ಖುಷಿ. ಬಯಲಿದ್ದರೆ ಇನ್ನೂ ಖುಷಿ.

ಈಗ ನಿಮ್ಮ ಬೀಚಿನ ಯೋಚನೆ. ಸಂಜೆ ಹೊತ್ತು ಸಮುದ್ರವನ್ನು ಕಾರಿನ ಹಿಂದೆ ಇಟ್ಟರೆ ಬೆಳಕೆಲ್ಲ ಹಿಂದೆ ಉಳಿಯಿತು. ಕಪ್ಪು ಕಾರು ಒಂದು ಕಪ್ಪು ಗುಡ್ಡೆಯಾಗಿ ಬರುತ್ತದೆ, ಆಕಾಶ ಮಾತ್ರ ಚಂದ. ಉಲ್ಟಾ ಮಾಡಿ. ಕಾರಿನ ಪಕ್ಕ ಸಮುದ್ರಕ್ಕೆ ಮುಖ ಮಾಡಿರಲಿ. ನೀವು ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಿ. ನಮಗೆ ಪಡುವಣ ಪೂರ್ತಿ ನೀರು. ಆ ಕಡೆ ಮರವಿಲ್ಲ, ಕಟ್ಟಡವಿಲ್ಲ, ಕರೆಂಟ್ ಕಂಬವಿಲ್ಲ. ಸೂರ್ಯ ಮುಳುಗಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಆ ಇಡೀ ಆಕಾಶ ಒಂದೇ ಹದದಲ್ಲಿ ಬೆಳಗುತ್ತದೆ. ದೊಡ್ಡ ಸ್ಟುಡಿಯೋದಲ್ಲಿ ಕಾರಿನ ಮೇಲೆ ಇಡೀ ಪರದೆ ಕಟ್ಟಿ ತರುವ ಬೆಳಕು ಇದೇ. ಬಾಗಿಲ ಮೇಲೆ ಆಗ ಒಂದೇ ಒಂದು ಗೆರೆ ಬರುತ್ತದೆ. ಮೇಲೆ ಬೆಳಕು, ಕೆಳಗೆ ಕತ್ತಲೆ, ನಡುವೆ ದಿಗಂತ. ಮೈನರಿನ ಮಡ್‌ಗಾರ್ಡಿನ ಉಬ್ಬು, ಬಾಗಿಲಿನ ತಿರುವು, ಹಿಂಭಾಗದ ಇಳಿಜಾರು, ಎಲ್ಲವನ್ನೂ ಆ ಗೆರೆಯೇ ತೋರಿಸಿಕೊಡುತ್ತದೆ.

ಮಲ್ಪೆ ಆದಿತ್ಯವಾರ ಬೇಡ, ಜನ ತುಂಬಿರುತ್ತಾರೆ. ನೀವು ಕಟಪಾಡಿಯವರು, ಮಟ್ಟು ಪಕ್ಕದಲ್ಲೇ ಉಂಟಲ್ಲ! ಅಲ್ಲಿ ಸಮುದ್ರದ ಬದಿಯಲ್ಲೇ ಟಾರ್ ರಸ್ತೆ. ರಸ್ತೆಗೂ ನೀರಿಗೂ ನಡುವೆ ಹಿಂದೆ ಸರಿಯಲು ಜಾಗ ಇರುವ ಕಡೆ ನೋಡಿಟ್ಟುಕೊಳ್ಳಿ. ಒಂದು ದಿನ ಮೊದಲೇ ಸ್ಕೂಟರಿನಲ್ಲಿ ಹೋಗಿ ಬನ್ನಿ. ನವೆಂಬರಿನಲ್ಲಿ ಸೂರ್ಯ ಮುಳುಗುವುದು 6 ಗಂಟೆ ಆಸುಪಾಸು. ಐದಕ್ಕೆಲ್ಲ ಕಾರು ಅಲ್ಲಿ ನಿಂತಿರಬೇಕು. ಮರವಂತೆಗೆ ಹೋಗೋಣ ಅಂತ ಯಾರಾದರೂ ಹೇಳಬಹುದು. ಒಂದು ಕಡೆ ಸೌಪರ್ಣಿಕಾ, ಒಂದು ಕಡೆ ಸಮುದ್ರ, ಜಾಗ ಚಂದವೇ. ಆದರೆ ನಡುವೆ ಇರುವುದು ಹೆದ್ದಾರಿ 66. ಅದರ ಬದಿಯಲ್ಲಿ ಕತ್ತಲಾಗುವ ಹೊತ್ತಿಗೆ ಹಳೆ ಕಾರು ನಿಲ್ಲಿಸಿಕೊಂಡು ಟ್ರೈಪಾಡ್ ಇಡುವುದು ಬೇಡವೇ ಬೇಡ.

ಹೆಡ್‌ಲೈಟ್ ಊದಿಕೊಂಡದ್ದು ಹತ್ತಿರ ನಿಂತದ್ದರಿಂದ. ಫೋನಿನ 1ಎಕ್ಸ್ ಅಂದರೆ ಸುಮಾರು 24–26 ಎಂಎಂ, ಅಗಲ ಲೆನ್ಸು. ಕಾರು ಫ್ರೇಮಿನೊಳಗೆ ಹಿಡಿಸುತ್ತದೆ ಅಂತ ಹತ್ತಿರ ಹೋಗುತ್ತೀರಿ, ಹತ್ತಿರದ್ದು ದೊಡ್ಡದಾಗುತ್ತದೆ. ಅಣ್ಣನ 50 ಎಂಎಂ ಹಾಕಿ. ಅವರದು ಸಣ್ಣ ಸೆನ್ಸರಿನ ನಿಕಾನ್ ಆದರೆ ಅದು 75 ಎಂಎಂ ಹಾಗೆ ಕೆಲಸ ಮಾಡುತ್ತದೆ. ಪೂರ್ತಿ ಪಕ್ಕದ ಫೋಟೋಕ್ಕೆ ಹತ್ತು ಹನ್ನೆರಡು ಮೀಟರ್ ಹಿಂದೆ ನಿಲ್ಲಬೇಕಾಗುತ್ತದೆ. ಮೈನರಿನ ಎತ್ತರ ಐದೇ ಅಡಿ. ನಿಂತುಕೊಂಡು ತೆಗೆದರೆ ಬರೀ ಟಾಪು ಕಾಣುತ್ತದೆ, ಕಾರು ಸಣ್ಣದಾಗಿ ಹೋಗುತ್ತದೆ. ಕುಳಿತು ತೆಗೆಯಿರಿ. ಕ್ಯಾಮೆರಾ ಹೆಡ್‌ಲೈಟಿನ ಎತ್ತರಕ್ಕೆ ಇರಲಿ.

ಮುಂದಿನಿಂದ ಓರೆಯಾಗಿ ತೆಗೆಯುವಾಗ ಚಕ್ರದ ಮುಖ ನಿಮ್ಮ ಕಡೆ ಕಾಣಬೇಕು, ಟೈರಿನ ಹಲ್ಲು ಅಲ್ಲ. ಅದಕ್ಕೆ ಸ್ಟಿಯರಿಂಗ್ ನೀವು ನಿಂತ ಬದಿಯ ವಿರುದ್ಧ ದಿಕ್ಕಿಗೆ ಸ್ವಲ್ಪ ತಿರುಗಿರಬೇಕು.

ಬೂದಿ ಬಣ್ಣದ ವಿಷಯ. ಕ್ಯಾಮೆರಾ ಕಪ್ಪನ್ನು ನೋಡಿ ಬೆಳಕು ಕಮ್ಮಿ ಉಂಟು ಅಂದುಕೊಂಡು ಜಾಸ್ತಿ ಬೆಳಕು ತೆಗೆದುಕೊಳ್ಳುತ್ತದೆ. ಅದಕ್ಕೇ ಕ್ರೋಮ್ ಸುಟ್ಟದ್ದೂ, ಕಪ್ಪು ಬೂದಿಯಾದದ್ದೂ. ಎಕ್ಸ್‌ಪೋಶರ್ ಮೈನಸ್ 0.7ರಿಂದ ಮೈನಸ್ 1ರವರೆಗೆ ಇಳಿಸಿ. ರಾ ಫೈಲಿನಲ್ಲಿ (ಕ್ಯಾಮೆರಾ ಹಿಡಿದದ್ದನ್ನು ಹಾಗೇ ಇಡುವ ಫೈಲು, ಆಮೇಲೆ ತಿದ್ದಲು ಸುಲಭ) ತೆಗೆಯಿರಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್ (ಲೆನ್ಸಿನ ಕಿಂಡಿಯ ಅಳತೆ) 8, ಟ್ರೈಪಾಡ್, 2 ಸೆಕೆಂಡಿನ ಟೈಮರ್. ಸೂರ್ಯ ಮುಳುಗಿದ ಮೇಲೆ ಶಟರ್ ಒಂದೆರಡು ಸೆಕೆಂಡಿಗೂ ಹೋಗಬಹುದು, ಹೆದರಬೇಡಿ. ಆಗ ಕಾರಿನೊಳಗೆ ಯಾರೂ ಕೂತಿರಬಾರದು, ಎಂಜಿನ್ ಬಂದ್ ಇರಬೇಕು. ಇಲ್ಲದಿದ್ದರೆ ಅಲುಗಾಟ ಬರುತ್ತದೆ.

ಫಿಲ್ಟರ್ ಬಗ್ಗೆ ಕೇಳಿದಿರಿ. ನಿಮಗೆ ಬೇಕಾದ್ದು ಪೋಲರೈಸರ್, ಸಿಪಿಎಲ್ ಅಂತ ಕೇಳಿದರೆ ಕೊಡುತ್ತಾರೆ. ತಿರುಗಿಸುತ್ತಾ ಹೋದ ಹಾಗೆ ಗ್ಲಾಸ್ ಮತ್ತು ಪೇಂಟಿನ ಹೊಳಪು ಇಳಿಯುತ್ತದೆ. ಆದರೆ ಎರಡು ವಿಷಯ ತಿಳಿದಿರಲಿ. ಕ್ರೋಮಿನ ಮೇಲೆ ಅದು ಹೆಚ್ಚೇನೂ ಮಾಡುವುದಿಲ್ಲ. ಬರೀ ಲೋಹದಿಂದ ಬರುವ ಹೊಳಪು ಅದರ ಹಿಡಿತಕ್ಕೆ ಸಿಗುವಂಥದ್ದಲ್ಲ. ಬಂಪರಿನಲ್ಲಿ ನೀವು ಕಾಣಬಾರದು ಅಂತಿದ್ದರೆ ನಿಂತ ಜಾಗವನ್ನೇ ಬದಲಿಸಬೇಕು. ಇನ್ನೊಂದು, ನೇರ ಎದುರು ನಿಂತರೂ ಅದರ ಪ್ರಯೋಜನ ಕಮ್ಮಿ, ಓರೆಯಲ್ಲಿ ನಿಂತಾಗಲೇ ಅದರ ಕೆಲಸ. ನಿಮ್ಮ ಕಾರಿನ ಮುಂದಿನ ಗ್ಲಾಸ್ ಎರಡು ತುಂಡು, ಎರಡೂ ಬೇರೆ ಬೇರೆ ಕೋನಕ್ಕೆ ಕೂತಿವೆ. ಒಂದು ತಿಳಿಯಾದಾಗ ಇನ್ನೊಂದು ಹೊಳೆಯುತ್ತದೆ. ಎರಡನ್ನೂ ಒಟ್ಟಿಗೆ ತಿಳಿ ಮಾಡಲು ಒದ್ದಾಡಬೇಡಿ. ಸ್ಟಿಯರಿಂಗ್ ಇರುವ ಬದಿ ತಿಳಿಯಾಗಿರಲಿ ಸಾಕು.

ಎಲ್ಲ ಹೊಳಪೂ ತೆಗೆದರೆ ಕಪ್ಪು ಕಾರು ಸತ್ತ ಹಾಗೆ ಕಾಣುತ್ತದೆ. ನಮಗೆ ಹೊಳಪು ಬೇಡ ಅಂತಲ್ಲ, ಸರಿಯಾದ ಹೊಳಪು ಬೇಕು.

ಮತ್ತೆ, ಬಿಳಿ ಶರ್ಟು, ಬಿಳಿ ಚೂಡಿದಾರ ಬೇಡ. ಕಪ್ಪೋ ಗಾಢ ನೀಲಿಯೋ ಹಾಕಿಕೊಳ್ಳಿ. ಪಕ್ಕ ನಿಲ್ಲುವ ಮಕ್ಕಳನ್ನು ಕಾರಿನ ಆಚೆ ಬದಿಗೆ ಕಳಿಸಿ.

ಹಳೇಗಾಡಿ_ಕಂಕನಾಡಿ

ಸ್ಟುಡಿಯೋದವರು ಹೇಳಿದ್ದು ಸರಿ. ನಾನು ಕಾರಿನ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಮಟ್ಟುವಿಗೆ ಹೋಗಿ, ಆದರೆ ಟಾರಿನಿಂದ ಕೆಳಗೆ ಇಳಿಸಬೇಡಿ. ಮೈನರಿನ ಟೈರು ತೆಳು, ಮರಳಿನಲ್ಲಿ ಹೂತರೆ ಎಳೆಯುವಾಗ ಬಂಪರೋ ಆಕ್ಸಿಲ್ಲೋ ಪೆಟ್ಟು ತಿನ್ನುತ್ತದೆ. ಮನೆಗೆ ಬಂದ ಕೂಡಲೇ ಅಡಿಭಾಗ, ಮಡ್‌ಗಾರ್ಡ್ ಒಳಗೆ ಸಿಹಿನೀರು ಹೊಡೆಯಿರಿ. ಉಪ್ಪುಗಾಳಿ ಒಂದು ರಾತ್ರಿ ಕೂತರೂ ಕ್ರೋಮಿಗೆ ಒಳ್ಳೆಯದಲ್ಲ. ತೊಳೆದ ಮೇಲೆ ಶೆಡ್ಡಿಗೆ ಹಾಕುವ ಮೊದಲು ನಿಧಾನ ಓಡಿಸುತ್ತಾ ಬ್ರೇಕು ನಾಲ್ಕೈದು ಸಲ ಒತ್ತಿ. ನಾಲ್ಕೂ ಡ್ರಮ್ ಬ್ರೇಕು, ಒದ್ದೆಯಾದರೆ ಹಿಡಿಯುವುದಿಲ್ಲ.

ಸ್ಟಿಯರಿಂಗ್ ತಿರುಗಿಸುವ ವಿಷಯ. ನಿಂತ ಕಾರಿನಲ್ಲಿ ಬಲವಾಗಿ ತಿರುಗಿಸಬಾರದು. ದೊಡ್ಡಪ್ಪನಿಗೆ ಹೇಳಿ, ಕಾರು ಉರುಳುತ್ತಾ ಬಂದು ನಿಲ್ಲುವಾಗಲೇ ಅವರು ತಿರುಗಿಸಿಕೊಳ್ಳಲಿ. ಆ ಕಾಲದ ಕಾರಿಗೆ ಪವರ್ ಸ್ಟಿಯರಿಂಗ್ ಇಲ್ಲ, ಭಾರವೆಲ್ಲ ಕಿಂಗ್‌ಪಿನ್ನಿನ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಪಿನ್ನು) ಮೇಲೆ ಬೀಳುತ್ತದೆ.

ಹೆಡ್‌ಲೈಟ್ ಹಾಕಿದ ಫೋಟೋ ಬೇಕಾದರೆ ಕ್ಲಿಕ್ ಮಾಡುವ ಹೊತ್ತಿಗೆ ಮಾತ್ರ ಹಾಕಿ. ಎಂಜಿನ್ ನಿಧಾನ ಓಡುವಾಗ ಡೈನಮೋ ಚಾರ್ಜ್ ಮಾಡುವುದು ಕಮ್ಮಿ. ಕತ್ತಲಲ್ಲಿ ಬ್ಯಾಟರಿ ಇಳಿದರೆ ವಾಪಸ್ ಬರುವುದು ಕಷ್ಟ.

ಬಾಗಿಲ ಕಂಬದೊಳಗೆ ಟ್ರಾಫಿಕೇಟರ್ ಉಂಟಾ ನೋಡಿ. ಸ್ವಿಚ್ ಹಾಕಿದರೆ ಕಿತ್ತಳೆ ಬಣ್ಣದ ಪಟ್ಟಿ ಹೊರಗೆ ಚಾಚಿ ಬೆಳಗುತ್ತದೆ. ಅದು ಕೆಲಸ ಮಾಡುತ್ತಿದ್ದರೆ ಒಂದು ಫೋಟೋ ಬೇಕೇ ಬೇಕು. ಈಗಿನ ಮಕ್ಕಳು ಇಂಥ ಇಂಡಿಕೇಟರ್ ನೋಡಿಯೇ ಇಲ್ಲ. ಆದರೆ ಸಿಕ್ಕಿಹಾಕಿಕೊಂಡಿದ್ದರೆ ಕೈಯಿಂದ ಎಳೆಯಬೇಡಿ. ಮುರಿದರೆ ಹುಡುಕುವುದು ಕಷ್ಟ.

ಪಾಲಿಶ್ ಮಾಡಿಸುವುದಿದ್ದರೆ ನಿಧಾನ. ಮೊದಲು ನೀರಿನಿಂದ ತೊಳೆದು, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಕಪ್ಪು ಪೇಂಟಿನಲ್ಲಿ ಸುರುಳಿ ಸುರುಳಿ ಗೀರು ಬೀಳುತ್ತದೆ, ಸಂಜೆ ಬೆಳಕಿನಲ್ಲಿ ಅದೇ ಮೊದಲು ಕಾಣುವುದು. ಕಾರಿನ ಹತ್ತಿರ ಹೋಗುವವರು ವಾಚು, ಬೆಲ್ಟಿನ ಬಕ್ಕಲ್, ಕ್ಯಾಮೆರಾ ಪಟ್ಟಿಯ ಕೊಂಡಿ ನೋಡಿಕೊಳ್ಳಲಿ.

ಒಂದು ವಿಷಯದಲ್ಲಿ ನನಗೆ ಬೇರೆ ಅಭಿಪ್ರಾಯ. ಫ್ರೇಮಿಗೆ ಸಮುದ್ರದ ಬದಿಯ ಫೋಟೋ ಬೇಡ ಅಂತ ನನಗೆ ಕಾಣುತ್ತದೆ. ಕಾರು ಇಷ್ಟು ವರ್ಷ ಇದ್ದದ್ದು ಮನೆಯ ಶೆಡ್ಡಿನಲ್ಲಿ. ಕೆಂಪುಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು. ಆ ಮನೆ ಕಾಣಬೇಕು ಅಲ್ವಾ?

ಕಟಪಾಡಿಯವಳು

ತುಂಬಾ ಉಪಕಾರ. ದೊಡ್ಡಪ್ಪನಿಗೆ ಎಲ್ಲ ಓದಿ ಹೇಳಿದೆ. ಸ್ಟಿಯರಿಂಗ್ ವಿಷಯ ಕೇಳಿ ಕಂಕನಾಡಿಯವರಿಗೆ ವಿಶೇಷ ನಮಸ್ಕಾರ ಹೇಳು ಅಂದರು. ಟ್ರಾಫಿಕೇಟರ್ ಎಡದ್ದು ಕೆಲಸ ಮಾಡುತ್ತದೆ.

ಶೆಡ್ ಹಳೆಯದೇ, ಕೆಂಪುಕಲ್ಲಿನದು, ಹಂಚಿನ ಮಾಡು. ಆದರೆ ಒಳಗೆ ಕತ್ತಲೆ. ಮಾಡಿನಲ್ಲಿ ಎರಡು ಗಾಜಿನ ಹಂಚು ಉಂಟು, ಅದರ ಬಿಸಿಲು ನೇರ ಟಾಪಿನ ಮೇಲೆ ಬೀಳುತ್ತದೆ. ಅಲ್ಲಿ ಹಿಂದೆ ಸರಿಯಲೂ ಜಾಗವಿಲ್ಲ. ಎಲ್‌ಇಡಿ ಹಾಕಿ ತೆಗೆಯಬಹುದಾ? ಆಲ್ಬಮಿಗೆ ಹತ್ತಿರದ ಫೋಟೋ ಯಾವುದೆಲ್ಲ ಬೇಕು?

ದೊಡ್ಡಪ್ಪನ ಇನ್ನೊಂದು ಪ್ರಶ್ನೆ: ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿದರೆ ಎಂವೈ ನಂಬರ್ ಹೋಗುತ್ತದಾ? ಹೋಗುವುದಾದರೆ ಅದಕ್ಕೂ ಮೊದಲೇ ಫೋಟೋ ಆಗಬೇಕಂತೆ.

ಸ್ಟುಡಿಯೋ_ಉಡುಪಿ

ಕಂಕನಾಡಿ ಅಣ್ಣ ಹೇಳಿದ್ದನ್ನು ನಾನೂ ಒಪ್ಪುತ್ತೇನೆ, ಮನೆಯದ್ದೂ ಒಂದು ಇರಲಿ. ಕಾರಿನ ಆಕಾರಕ್ಕೆ ಮಟ್ಟು, ಕಾರಿನ ಬಾಳಿಗೆ ಶೆಡ್ಡು. ಚಾವಡಿಯಲ್ಲಿ ಯಾವುದು ಅಂತ ದೊಡ್ಡಪ್ಪ ನೋಡಿ ಹೇಳಲಿ.

ಶೆಡ್ಡಿನಲ್ಲಿ ಎಲ್‌ಇಡಿ ಹಾಕಬೇಡಿ. ಬಲ್ಬಿನ ಚುಕ್ಕಿ ಚುಕ್ಕಿ ಬಾನೆಟ್ಟಿನಲ್ಲಿ ಕೂರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಕೆಲವು ಎಲ್‌ಇಡಿ ಅದರ ಜೊತೆ ಮಿಣುಕುತ್ತವೆ, ಫೋಟೋದಲ್ಲಿ ಅಡ್ಡ ಪಟ್ಟಿ ಬರುತ್ತದೆ. ಹಾಕಲೇಬೇಕು ಅಂತಾದರೆ ಶಟರ್ 1/50 ಅಥವಾ 1/100 ಇಡಿ. ಅದಕ್ಕಿಂತ ಶೆಡ್ಡಿನ ಬಾಗಿಲಿನ ಬೆಳಕೇ ಒಳ್ಳೆಯದು. ಬಾಗಿಲಿಗೆ ನೇರ ಬಿಸಿಲು ಬೀಳದ ಹೊತ್ತು ನೋಡಿ. ಕಾರಿನ ಮೂತಿ ಬಾಗಿಲ ಕಡೆ ಇರಲಿ, ಮುಂದಿನ ಚಕ್ರ ಹೊಸ್ತಿಲಿನ ಹತ್ತಿರ ಬರುವಷ್ಟು ಮುಂದೆ ತನ್ನಿ. ನೀವು ಹೊರಗೆ, ಬಾಗಿಲಿನ ಒಂದು ಬದಿಗೆ. ಹೊರಗೆ ನಿಂತರೆ ಹಿಂದೆ ಸರಿಯಲು ಜಾಗವೂ ಸಿಗುತ್ತದೆ. ಬೆಳಕು ಬಾನೆಟ್ಟಿನ ಮೇಲಿಂದ ಒಳಗೆ ಹೋಗುತ್ತಾ ಕಮ್ಮಿಯಾಗುತ್ತದೆ, ಹಿಂದೆ ಕತ್ತಲೆ ತಾನಾಗಿ ಉಳಿಯುತ್ತದೆ. ಗಾಜಿನ ಹಂಚಿನ ಮೇಲೆ ಹೊರಗಿನಿಂದ ಗೋಣಿಚೀಲ ಹಾಕಿಸಿ. ಇಲ್ಲದಿದ್ದರೆ ಟಾಪಿನ ಮೇಲೆ ಎರಡು ಬಿಳಿ ಮಚ್ಚೆ ಖಂಡಿತ.

ಹತ್ತಿರದ ಫೋಟೋ ಅಂದರೆ ನನಗೆ ಅದೇ ಹೆಚ್ಚು ಇಷ್ಟ. ಮೊದಲು ಬಾನೆಟ್ಟು. ನಡುವೆ ಉದ್ದಕ್ಕೆ ಒಂದು ಚಪ್ಪಟೆ ಪಟ್ಟಿ ಎದ್ದು ಕಾಣುತ್ತದೆ, ಕೈಯಾಡಿಸಿ ನೋಡಿ. ಈ ಕಾರನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್, ಮುಂದೆ 1959ರಲ್ಲಿ ಬಂದ ಮಿನಿ ಕಾರೂ ಅವರದೇ. ಮೈನರ್ 1948ರಲ್ಲಿ ಹೊರಗೆ ಬರುವ ಮೊದಲು ಅಗಲ ಸಾಲದು ಅಂತ ಅವರಿಗೆ ಅನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ಎಳೆದು ದೂರ ಇಟ್ಟು ನೋಡಿ, ನಾಲ್ಕು ಇಂಚು ಜಾಸ್ತಿ ಮಾಡಿದರು. ಬಾನೆಟ್ಟಿನ ಆ ಪಟ್ಟಿ ಅದರ ಗುರುತು. ನೇರ ಎದುರು ನಿಂತು, ಸ್ವಲ್ಪ ಮೇಲಿನಿಂದ, ಓರೆ ಬೆಳಕಿನಲ್ಲಿ ತೆಗೆದರೆ ಪಟ್ಟಿಯ ಎರಡೂ ಅಂಚು ಬರುತ್ತದೆ.

ಆಮೇಲೆ ಕೈ ತಾಗಿ ತಾಗಿ ಸವೆದ ಜಾಗಗಳು. ಸ್ಟಿಯರಿಂಗಿನ ಮೇಲ್ಭಾಗ, ಗೇರ್ ಗುಂಡು, ಪೆಡಲಿನ ರಬ್ಬರ್, ಕೀ ಹಾಕುವಲ್ಲಿ ಡ್ಯಾಶಿನ ಮೇಲಿನ ಗೀರು. ಇದನ್ನೆಲ್ಲ ಕಂಪ್ಯೂಟರಿನಲ್ಲಿ ಒರೆಸಬೇಡಿ ಮೇಡಂ, ದಯವಿಟ್ಟು. ಧೂಳಿನ ಚುಕ್ಕಿ ತೆಗೆಯಿರಿ, ಸವೆತ ಬಿಡಿ. ಆ ಪೆಡಲ್ ಸವೆಸಿದ್ದು ನಿಮ್ಮ ಅಜ್ಜ. ಹೊಸದರ ಹಾಗೆ ಮಾಡಿದರೆ ಅದು ಯಾರದ್ದೋ ಕಾರು ಆಗಿಬಿಡುತ್ತದೆ. ದೊಡ್ಡಪ್ಪನ ಕೈ ಸ್ಟಿಯರಿಂಗಿನ ಮೇಲೆ ಇರುವ ಒಂದು ಫೋಟೋ ಮಾಡಿ, ಪಕ್ಕದ ಕಿಟಕಿಯ ಬೆಳಕು ಸಾಕು.

ಇಷ್ಟಕ್ಕೆಲ್ಲ ನಿಮ್ಮ 18–55 ಬೇಕಾದಷ್ಟಾಯಿತು. ಫೋನಿನಲ್ಲಾದರೆ 2ಎಕ್ಸ್ ಹಾಕಿ.

ಬಿಜೈ_ಆರ್‌ಸಿಬುಕ್

ನಂಬರಿನ ಪ್ರಶ್ನೆಗೆ ಉತ್ತರ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಕ್ಕೆ ಬೇರೆಯೇ ನಿಯಮ ಮಾಡಿತು. ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಿಸಿರಬಾರದು. ಹೊಸದಾಗಿ ಮಾಡಿಸುವವರಿಗೆ ನಮ್ಮಲ್ಲಿ ಕೆಎ, ಆಮೇಲೆ ವಿಎ, ಮತ್ತೆರಡು ಅಕ್ಷರ, ನಾಲ್ಕು ಅಂಕೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಮತ್ತೆ ನವೀಕರಿಸಲು 5,000. ಮೊದಲೇ ರಿಜಿಸ್ಟರ್ ಆಗಿರುವ ಕಾರು ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಹಾಗಾಗಿ ಎಂವೈ ಹೋಗುವುದಿಲ್ಲ, ದೊಡ್ಡಪ್ಪನಿಗೆ ಹೇಳಿ.

ಆದರೆ ವಿಂಟೇಜ್ ಅಂತ ಆದ ಮೇಲೆ ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ, ಇಂಥದ್ದಕ್ಕೆ ಮಾತ್ರ. ಅವರು ಆದಿತ್ಯವಾರ ಪೇಟೆಗೆ ತೆಗೆದುಕೊಂಡು ಹೋಗುವವರಾದರೆ ಸ್ವಲ್ಪ ಯೋಚಿಸಿ ಮಾಡಿಸಲಿ.

ಫೋಟೋ ತೆಗೆಯುವಾಗ ಚಾಸಿ ನಂಬರಿನ ಪ್ಲೇಟು, ಎಂಜಿನ್ ನಂಬರ್, ಹಳೆ ಆರ್‌ಸಿ ಪುಸ್ತಕ, ಮೂರನ್ನೂ ಓದುವಷ್ಟು ಸ್ಪಷ್ಟವಾಗಿ ತೆಗೆದಿಡಿ. ದಾಖಲೆಗೆ ಬೇಕಾಗುತ್ತದೆ. ಆದರೆ ಅದನ್ನು ಇಲ್ಲಿ ಹಾಕಬೇಡಿ, ವಾಟ್ಸಾಪ್ ಸ್ಟೇಟಸ್ಸಿಗೂ ಬೇಡ. ಆ ನಂಬರ್ ಇಟ್ಟುಕೊಂಡು ನಕಲಿ ಕಾಗದ ಮಾಡುವವರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಹಳೇಗಾಡಿ_ಕಂಕನಾಡಿ

ಆದಿತ್ಯವಾರಕ್ಕೆ ಮೊದಲು ಕಣ್ಣಿಗೆ ಅಭ್ಯಾಸ ಆಗಬೇಕಾದರೆ ಧರ್ಮಸ್ಥಳಕ್ಕೆ ಹೋಗಿ ಬನ್ನಿ. ಅಲ್ಲಿ ಹೆಗ್ಗಡೆಯವರ ಸಂಗ್ರಹದ ಹಳೆ ಕಾರುಗಳು ಸಾಲಾಗಿ ಉಂಟು. ಕ್ಯಾಮೆರಾ ಬಿಡುತ್ತಾರಾ ಅಂತ ಟಿಕೆಟ್ ಕೊಡುವಲ್ಲೇ ಕೇಳಿ. ಬಿಡದಿದ್ದರೂ ನಷ್ಟವಿಲ್ಲ. ಒಂದೊಂದು ಕಾರಿನ ಸುತ್ತ ನಿಧಾನ ನಡೆದು, ಯಾವ ಜಾಗದಲ್ಲಿ ನಿಂತರೆ ಬಾಗಿಲಲ್ಲಿ ಏನು ಕಾಣುತ್ತದೆ ಅಂತ ನೋಡಿದರೆ ಸಾಕು.

ಸಂಜೆ ಮಟ್ಟುವಿಗೆ ಹೋಗುವಾಗ ಟೂಲ್ ಬ್ಯಾಗ್, ಒಂದು ಟಾರ್ಚ್, ಹಿಂದಿನಿಂದ ಬರಲು ಇನ್ನೊಂದು ಗಾಡಿ ಇರಲಿ. ಕತ್ತಲಾದ ಮೇಲೆ ಆ ಸಣ್ಣ ಟೇಲ್ ಲೈಟ್ ನಂಬಿಕೊಂಡು ಒಂಟಿಯಾಗಿ ಬರುವುದು ಬೇಡ. ನಿಮ್ಮ ಅಣ್ಣ ಹಿಂದಿನಿಂದ ಪಾರ್ಕಿಂಗ್ ಲೈಟ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕುವುದು) ಹಾಕಿಕೊಂಡು ಬರಲಿ.